ಕೊಡಸಿಗದ ತೊಗಟೆ: ಹೆಸರುಗಳ ಗೊಂದಲ ಮತ್ತು ಪರೀಕ್ಷೆಯ ಚರಿತ್ರೆ

ಸಂಸ್ಕೃತದಲ್ಲಿ ಕುಟಜ, ವತ್ಸಕ, ಗಿರಿಮಲ್ಲಿಕಾ ಎಂದೂ, ಕನ್ನಡದಲ್ಲಿ ಕೊಡಸಿಗ ಅಥವಾ ಕೊಡಸಿಗೆ ಎಂದೂ, ಮರಾಠಿಯಲ್ಲಿ ಪಾಂಢರಾ ಕುಡಾ ಎಂದೂ, ಬಂಗಾಳಿಯಲ್ಲಿ ಕುರ್ಚಿ ಎಂದೂ ಹೆಸರಾದ ಸಣ್ಣ ಮರವೊಂದು ಸಹ್ಯಾದ್ರಿಯ ಇಳಿಜಾರುಗಳಿಂದ ಹಿಮಾಲಯದ ತಪ್ಪಲಿನವರೆಗೆ ಎಲೆಯುದುರುವ ಕಾಡುಗಳಲ್ಲೆಲ್ಲ ಬೆಳೆಯುತ್ತದೆ. ಮಳೆಗಾಲವು ಹತ್ತಿರವಾಗುತ್ತಲೇ ಅದು ಬಿಳಿಯ ಹೂಗೊಂಚಲುಗಳನ್ನು ಬಿಡುತ್ತದೆ. ಮೇಘದೂತದ ಯಕ್ಷನು ಮೋಡಕ್ಕೆ ಅರ್ಘ್ಯವಾಗಿ ಅರ್ಪಿಸಿದುದು ಈ ಕುಟಜದ ಹೊಸ ಹೂಗಳನ್ನೇ. ಕೊಡಚಾದ್ರಿಯ ಹೆಸರು ಕುಟಜಾದ್ರಿಯಿಂದ ಬಂದುದೆಂದು ಹೇಳುವವರುಂಟು. ಉತ್ತರ ಕನ್ನಡದ ಮನೆಗಳಲ್ಲಿ ಇದರ ಹೂವನ್ನು ಒಣಗಿಸಿಟ್ಟುಕೊಂಡು ತಂಬುಳಿ ಮಾಡುವ ವಾಡಿಕೆಯು ಇಂದಿಗೂ ಉಳಿದಿದೆ. ಆದರೆ ಈ ಮರದ ಕೀರ್ತಿಯೆಲ್ಲ ಅದರ ಹೂವಿನಿಂದ ಬಂದುದಲ್ಲ, ಕಹಿಯಾದ ತೊಗಟೆಯಿಂದ ಬಂದುದು. ಎರಡು ಸಾವಿರ ವರ್ಷಗಳಿಂದ ಅತಿಸಾರಕ್ಕೂ ರಕ್ತಭೇದಿಗೂ ಔಷಧವೆಂದು ನಂಬಿಕೊಂಡು ಬಂದ ಆ ತೊಗಟೆ ಯೂರೋಪಿಗೆ ಹೋಗಿ ಅಲ್ಲಿ ಹೆಸರು ಕೆಡಿಸಿಕೊಂಡು, ಬಳಿಕ ಮುಂಬಯಿ, ಕಲಕತ್ತೆ, ದೆಹಲಿಗಳ ಪ್ರಯೋಗಶಾಲೆಗಳಲ್ಲಿ ಮರಳಿ ಮಾನ ಪಡೆದ ಕಥೆಯು ವಿಚಾರಣೀಯವಾದುದು. ಅದರ ಗುಣವನ್ನು ಅಳೆಯುವುದಕ್ಕಿಂತಲೂ, ಅಳೆಯುತ್ತಿರುವುದು ಯಾವ ಮರದ ತೊಗಟೆಯನ್ನು ಎಂಬುದನ್ನು ನಿಶ್ಚಯಿಸುವುದಕ್ಕೇ ಹೆಚ್ಚು ಕಾಲ ಹಿಡಿಯಿತು.

ಚರಕಸಂಹಿತೆಯಲ್ಲಿ ಕುಟಜಕ್ಕೆ ಎರಡು ಸ್ಥಾನಗಳುಂಟು. ಅತಿಸಾರದ ಚಿಕಿತ್ಸೆಯಲ್ಲಿ ಅದರ ತೊಗಟೆಯೂ ಇಂದ್ರಯವವೆಂಬ ಬೀಜವೂ ಬರುತ್ತವೆ. ಕಲ್ಪಸ್ಥಾನದಲ್ಲಿ ವಾಂತಿಕಾರಕ ದ್ರವ್ಯಗಳ ಸಾಲಿನಲ್ಲಿ ವತ್ಸಕಕ್ಕೆಂದೇ ಒಂದು ಅಧ್ಯಾಯವು ಮೀಸಲಾಗಿದೆ. ಈ ಎರಡನೆಯ ಸ್ಥಳದಲ್ಲಿಯೇ ಗಮನಾರ್ಹವಾದ ಮಾತೊಂದು ಕಾಣಸಿಗುತ್ತದೆ. ಕುಟಜದಲ್ಲಿ ಗಂಡು, ಹೆಣ್ಣು ಎಂದು ಎರಡು ಬಗೆ. ದೊಡ್ಡ ಕಾಯಿ, ಬಿಳಿಯ ಹೂ, ನುಣುಪಾದ ಎಲೆ ಇರುವುದು ಗಂಡು. ಕೆಂಪುಛಾಯೆಯ ಹೂವೂ ಚಿಕ್ಕ ಕಾಯಿಯೂ ಇರುವುದು ಹೆಣ್ಣು ಎಂದು ಅಲ್ಲಿ ವಿಭಾಗಿಸಿದೆ. ಗಂಡು ಕುಟಜವೆಂದರೆ ಕೊಡಸಿಗವೆಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ. ಹೆಣ್ಣೆಂದರೆ ಕನ್ನಡದ ಬೆಪ್ಪಾಲೆ ಅಥವಾ ಹಾಲೆ, ಮರಾಠಿಯ ಕಾಳಾ ಕುಡಾ, ಎಂದು ಅನೇಕರು ಹೇಳಿರುವರು. ಆದರೆ ಬೆಪ್ಪಾಲೆಯ ಹೂವೂ ಬಿಳಿದೇ ಆಗಿರುವುದರಿಂದ ಈ ಸಮೀಕರಣವನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಅದೇನೇ ಇರಲಿ, ಒಂದೇ ಹೆಸರಿನ ಹಿಂದೆ ಒಂದಕ್ಕಿಂತ ಹೆಚ್ಚು ಮರಗಳು ನಿಂತಿವೆ ಎಂಬ ಅರಿವು ಸಂಹಿತೆಯ ಕಾಲಕ್ಕೇ ಇದ್ದಿತೆಂಬುದು ಸ್ಪಷ್ಟ. ಮುಂದೆ ಬಂದ ಸಂಶೋಧಕರು ಈ ಒಂದು ಮಾತನ್ನು ಗಮನಿಸಿದ್ದರೆ ನೂರೈವತ್ತು ವರ್ಷಗಳ ಗೊಂದಲವು ಬಹುಮಟ್ಟಿಗೆ ತಪ್ಪುತ್ತಿತ್ತು.

ಯೂರೋಪಿನವರ ಗಮನ ಮೊದಲು ಈ ತೊಗಟೆಯ ಮೇಲೆ ಬಿದ್ದುದು ಪಶ್ಚಿಮ ಕರಾವಳಿಯಲ್ಲಿ. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಚ್ಚಾದ ತನ್ನ ಸಂವಾದಗ್ರಂಥದಲ್ಲಿ ಭೇದಿಯನ್ನು ಕಟ್ಟುವ ಮಲಬಾರಿನ ಮೂಲಿಕೆಯೊಂದನ್ನು ವರ್ಣಿಸಿದ್ದಾನೆ. 1578ರಲ್ಲಿ ಕ್ರಿಸ್ತೋಬಾಲ್ ಅಕೋಸ್ತಾ ಅದನ್ನೇ ಎತ್ತಿಕೊಂಡು, ದೇಶೀಯರು ಅದನ್ನು ಕೋರು, ಕುರೋಡಪಾಲ ಮುಂತಾಗಿ ಕರೆಯುವರೆಂದು ಬರೆದನು. ಮಲೆಯಾಳದ ಕೊಡಗಪಾಲವೇ ಪೋರ್ಚುಗೀಸರ ಕಿವಿಯಲ್ಲಿ ಹೀಗೆ ಕೇಳಿಸಿತೆಂದು ತೋರುತ್ತದೆ. ಕಡಲು ದಾಟಿ ಬಂದ ವಲಸಿಗರಿಗೆ ರಕ್ತಭೇದಿಯೆಂದರೆ ಮೃತ್ಯುವೇ ಆಗಿದ್ದ ಕಾಲವದು. ತಮ್ಮ ಔಷಧಗಳು ಸೋತಲ್ಲಿ ದೇಶೀಯ ವೈದ್ಯನನ್ನು ಮರೆಹೊಗುವುದು ಅವರಿಗೆ ಅನಿವಾರ್ಯವಾಗಿತ್ತು. ಕೊಚ್ಚಿಯ ಡಚ್ ಅಧಿಪತಿಯಾಗಿದ್ದ ವಾನ್ ರೀಡನು ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದ ಹೋರ್ಟಸ್ ಮಲಬಾರಿಕಸ್ ಗ್ರಂಥದ ಮೊದಲನೆಯ ಸಂಪುಟದಲ್ಲಿ ಕೊಡಗಪಾಲದ ಚಿತ್ರವೂ ವರ್ಣನೆಯೂ ಇವೆ. ಈ ಮಹಾಗ್ರಂಥಕ್ಕೆ ನೆರವಾದವರಲ್ಲಿ ಮಲೆಯಾಳದ ವೈದ್ಯ ಇಟ್ಟಿ ಅಚ್ಯುತನ್ ಅಲ್ಲದೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಇದ್ದರು. ಮರವನ್ನು ಬಲ್ಲವರ ಮುಂದೆಯೇ ಚಿತ್ರಗಾರನು ಬರೆದುದರಿಂದ ರೀಡನ ಚಿತ್ರದಲ್ಲಿ ಗೊಂದಲಕ್ಕೆ ಎಡೆಯಿರಲಿಲ್ಲ. ಗೊಂದಲವು ಹುಟ್ಟಿದುದು ಮರವನ್ನು ಎಂದೂ ಕಾಣದವರ ಮೇಜಿನ ಮೇಲೆ.

ಸ್ವೀಡನ್ನಿನ ಲಿನೀಯಸನು ಹರ್ಮನ್ ಎಂಬ ವೈದ್ಯನು ಸಿಂಹಳದಲ್ಲಿ ಸಂಗ್ರಹಿಸಿದ್ದ ಒಣಗಿದ ಸಸ್ಯಗಳನ್ನು ಆಧರಿಸಿ 1747ರಲ್ಲಿ ಸಿಂಹಳದ ಸಸ್ಯಗ್ರಂಥವನ್ನು ಬರೆದನು. 1753ರಲ್ಲಿ ಅವನು ನೀರಿಯಮ್ ಆಂಟಿಡಿಸೆಂಟೆರಿಕಮ್, ಎಂದರೆ ರಕ್ತಭೇದಿಯನ್ನು ಕಳೆಯುವ ಕಣಗಿಲೆ, ಎಂಬ ಹೆಸರನ್ನು ಸ್ಥಾಪಿಸಿದಾಗ ಅವನ ಮುಂದಿದ್ದುದು ಸಿಂಹಳದ ಒಂದು ಚಿಕ್ಕ ಗಿಡ. ಆದರೆ ಆ ಹೆಸರಿನಡಿಯಲ್ಲಿ ರೀಡನ ಕೊಡಗಪಾಲವನ್ನೂ ಸೇರಿಸಿಬಿಟ್ಟನು. ಇದರಿಂದ ಮಲಬಾರಿನ ಮರದ ಗುಣವು ಸಿಂಹಳದ ಗಿಡದ ಹೆಸರಿಗೆ ಅಂಟಿಕೊಂಡಿತು! ಇಂದು ಪಟ್ಟಣಗಳ ತೋಟಗಳಲ್ಲಿ ಅಂದಕ್ಕಾಗಿ ಬೆಳೆಸುವ ಬಿಳಿಹೂವಿನ ಆ ಸಿಂಹಳದ ಗಿಡವು ರೈಟಿಯಾ ಆಂಟಿಡಿಸೆಂಟೆರಿಕಾ ಎಂಬ ಬಿರುದನ್ನು ಹೊತ್ತಿದೆ. ಆ ಬಿರುದಿಗೆ ನಿಜವಾದ ಹಕ್ಕುದಾರನಾದ ಕೊಡಸಿಗವನ್ನು ಬಹುಕಾಲ ಹೋಲರ್ಹೀನಾ ಆಂಟಿಡಿಸೆಂಟೆರಿಕಾ ಎಂದು ಕರೆದರು. ಈಗ ಸಸ್ಯಶಾಸ್ತ್ರಜ್ಞರು ಹೋಲರ್ಹೀನಾ ಪ್ಯೂಬಿಸೆನ್ಸ್ ಎಂದು ಬರೆಯುತ್ತಾರೆ. ರೈಟಿಯಾ ಮತ್ತು ಹೋಲರ್ಹೀನಾ ಎಂಬ ಎರಡು ಜಾತಿಗಳನ್ನು 1810ರಲ್ಲಿ ಬೇರ್ಪಡಿಸಿದವನು ರಾಬರ್ಟ್ ಬ್ರೌನ್. ಹೂವಿನ ಕೊಳವೆಯೊಳಗೆ ಕೇಸರಗಳು ಅಡಗಿದ್ದರೆ ಹೋಲರ್ಹೀನಾ. ಅವು ಹೊರಚಾಚಿ ಶಂಕುವಿನಂತೆ ಕೂಡಿಕೊಂಡಿದ್ದರೆ ರೈಟಿಯಾ. ಸಸ್ಯಶಾಸ್ತ್ರದಲ್ಲಿ ಸಮಸ್ಯೆಯು ಹೀಗೆ ಬಗೆಹರಿಯಿತು. ಆದರೆ ಔಷಧದ ಅಂಗಡಿಗೆ ಬರುವುದು ತೊಗಟೆ, ಹೂವಲ್ಲ. ಹದಿನೆಂಟನೆಯ ಶತಮಾನದಲ್ಲಿ ಎಡಿನ್‌ಬರೊದ ವೈದ್ಯರು ಹೊಗಳಿ ಬರೆದ ಕೊನೆಸ್ಸಿ ತೊಗಟೆಯೂ, ತಲಚೇರಿಯ ಹೆಸರಿನಲ್ಲಿ ಬರುತ್ತಿದ್ದ ತೆಲ್ಲಿಚೆರಿ ತೊಗಟೆಯೂ ಹಡಗಿನಿಂದ ಇಳಿದಾಗ ಅದರಲ್ಲಿ ಯಾವ ಯಾವ ಮರದ ಸಿಪ್ಪೆ ಬೆರೆತಿದೆಯೆಂಬುದನ್ನು ಹೇಳಬಲ್ಲವರಾರೂ ಅಲ್ಲಿರಲಿಲ್ಲ. ಕೆಲವು ರೋಗಿಗಳಿಗೆ ಗುಣವಾಯಿತು, ಹಲವರಿಗೆ ಆಗಲಿಲ್ಲ. ಕ್ರಮೇಣ ಔಷಧವನ್ನೇ ಕೈಬಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಔಷಧದ್ರವ್ಯಗಳನ್ನು ಕುರಿತು ಬರೆದವರು ಈ ಅಪಕೀರ್ತಿಗೆ ಕೊಟ್ಟ ಕಾರಣವೂ ಇದೇ: ಕೊಡಸಿಗದ ತೊಗಟೆಗೆ ಬದಲಾಗಿ, ಅಥವಾ ಅದರೊಡನೆ ಬೆರಸಿ, ಬೆಪ್ಪಾಲೆಯ ತೊಗಟೆಯನ್ನು ಮಾರಲಾಗುತ್ತಿತ್ತು.

ಈ ಬೆರಕೆಗೆ ವ್ಯಾಪಾರಿಯ ವಂಚನೆಯೊಂದನ್ನೇ ಹೊಣೆಮಾಡುವುದು ನ್ಯಾಯವಲ್ಲ. ಭಾಷೆಯದೂ ಅದರಲ್ಲಿ ಪಾಲುಂಟು. ತಮಿಳು ಮಲೆಯಾಳಗಳ ಪಾಲೈ, ಪಾಲ, ತುಳುವಿನ ಪಾಲೆ, ಕನ್ನಡದ ಹಾಲೆ: ಇವೆಲ್ಲ ಹಾಲಿನಂತಹ ರಸ ಸುರಿಸುವ ಮರಗಳಿಗೆ ಸಾಮಾನ್ಯವಾಗಿ ಸಲ್ಲುವ ಹೆಸರುಗಳು. ಕೊಡಸಿಗವೂ ಪಾಲ, ಬೆಪ್ಪಾಲೆಯೂ ಪಾಲ, ಏಳೆಲೆಯ ಮದ್ದಾಲೆಯೂ ಪಾಲ. ಹಳ್ಳಿಯವನಿಗೆ ಇದರಿಂದ ತೊಡಕಾಗುವುದಿಲ್ಲ, ಏಕೆಂದರೆ ಅವನು ಮರವನ್ನೇ ಎದುರಿಗೆ ಕಾಣುತ್ತಾನೆ. ಕೊಡಸಿಗದ ಜೋಡುಕಾಯಿಗಳು ಕೋಡುಗಳಂತೆ ಒಂದಕ್ಕೊಂದು ದೂರ ಸರಿದು ತೂಗುತ್ತವೆ. ಬೆಪ್ಪಾಲೆಯವು ಎಳೆಯದರಲ್ಲಿ ತುದಿಗೆ ಅಂಟಿಕೊಂಡಿರುತ್ತವೆ. ಬೀಜದ ರೇಷ್ಮೆಕುಚ್ಚು ಒಂದರಲ್ಲಿ ಒಂದು ಕೊನೆಗೆ, ಇನ್ನೊಂದರಲ್ಲಿ ಎದುರು ಕೊನೆಗೆ. ಬೆಪ್ಪಾಲೆಯ ಎಲೆಯಲ್ಲಿ ನೀಲಿಯ ಬಣ್ಣದ ಅಂಶವಿರುವುದರಿಂದ ಅದು ಒಣಗಿದಾಗ ಕಪ್ಪಡರುತ್ತದೆ. ವಿದ್ವಾಂಸರು ಅದಕ್ಕೆ ರೈಟಿಯಾ ಟಿಂಕ್ಟೋರಿಯಾ, ಬಣ್ಣ ಕೊಡುವ ರೈಟಿಯಾ, ಎಂಬ ಹೆಸರಿಟ್ಟುದು ಈ ಗುಣದಿಂದಲೇ. ಈ ಬೆಪ್ಪಾಲೆಯನ್ನು ಕನ್ನಡಿಗರು ಬೇರೊಂದು ರೂಪದಲ್ಲಿ ಬಲ್ಲರು. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವುದು ಅದರ ಬಿಳಿಯ, ನಯವಾದ ಮರದಿಂದ. ಬಡಗಿಯ ಚರಕಿಗೆ ಅದು ಹೇಳಿಮಾಡಿಸಿದ ಮರ. ಸಿದ್ಧವೈದ್ಯರು ಅದರ ಎಲೆಯ ಎಣ್ಣೆಯನ್ನು ಚರ್ಮರೋಗಕ್ಕೆ ಹಚ್ಚುತ್ತಾರೆ. ತನ್ನ ಸ್ಥಾನದಲ್ಲಿ ಉಪಯುಕ್ತವಾದ ಮರವೇ ಇನ್ನೊಂದರ ಸ್ಥಾನದಲ್ಲಿ ನಿಂತಾಗ ಹುಸಿಯೆನಿಸಿತು.

ಪರೀಕ್ಷೆಯ ಚರಿತ್ರೆಯು ಮೊದಲಾಗುವುದು ಮುಂಬಯಿಯಿಂದ. ಅಲ್ಲಿಯ ವೈದ್ಯಸಂಘದ ನಡಾವಳಿಯಲ್ಲಿ 1858ರಲ್ಲಿ ಹೇನ್ಸ್ ಎಂಬವನು ಈ ತೊಗಟೆಯಿಂದ ಕ್ಷಾರೀಯವಾದ ಕಹಿಸತ್ವವೊಂದನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದನು. ಕೊನೆಸ್ಸಿ ತೊಗಟೆಯಿಂದ ಬಂದುದರಿಂದ ಅದು ಕೊನೆಸ್ಸೀನ್ ಎನಿಸಿತು. ಆರು ವರ್ಷಗಳ ಬಳಿಕ, 1864ರಲ್ಲಿ, ಸ್ಟೆನ್‌ಹೌಸನು ಬೀಜದಿಂದ ಅದೇ ಸತ್ವವನ್ನು ಪಡೆದು ಅದಕ್ಕೆ ರೈಟೀನ್ ಎಂದು ಹೆಸರಿಟ್ಟನು. ರೈಟಿಯಾ ಜಾತಿಯದೆಂಬ ತಪ್ಪು ಎಣಿಕೆಯು ಹೀಗೆ ರಸಾಯನಶಾಸ್ತ್ರದ ಪದಕೋಶಕ್ಕೂ ಕಾಲಿಟ್ಟಿತು. ಮರವೇ ಬೇರೆಯೆಂದು ಬ್ರೌನನು ತೋರಿಸಿಕೊಟ್ಟು ಅಷ್ಟುಹೊತ್ತಿಗೆ ಅರ್ಧ ಶತಮಾನವೇ ಕಳೆದಿತ್ತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಈ ಸಿಕ್ಕನ್ನು ತಾಳ್ಮೆಯಿಂದ ಬಿಡಿಸಿದವರಲ್ಲಿ ಮುಖ್ಯನು ಮುಂಬಯಿಯಲ್ಲಿಯೇ ಇದ್ದ ವಿಲಿಯಂ ಡೈಮಾಕ್. ವಾರ್ಡನ್ ಮತ್ತು ಹೂಪರ್ ಅವರೊಡನೆ ಅವನು 1890ರಿಂದ 1893ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಫಾರ್ಮಕೊಗ್ರಾಫಿಯಾ ಇಂಡಿಕಾದಲ್ಲಿ ಸಸ್ಯಗಳ ಸಂಸ್ಕೃತ, ಪಾರಸಿ ಹೆಸರುಗಳ ಜೊತೆಗೆ ಕನ್ನಡವೂ ಸೇರಿದಂತೆ ದೇಶಭಾಷೆಗಳ ಹೆಸರುಗಳೂ ಬಂದಿವೆ. ಡೈಮಾಕನ ಹೆಚ್ಚಳವೆಂದರೆ ಅವನು ಪೇಟೆಯನ್ನು ಬಲ್ಲವನಾಗಿದ್ದುದು. ಮುಂಬಯಿಯ ಗಂಧಿಗರ ಅಂಗಡಿಯಲ್ಲಿ ಕಡೂ ಇಂದ್ರಜವ, ಗೋಡ ಇಂದ್ರಜವ ಎಂದು ಎರಡು ಬೀಜಗಳಿದ್ದುವು. ಕಹಿಯಾದುದು ಕೊಡಸಿಗದ್ದು, ಸಪ್ಪೆಯಾದುದು ಬೆಪ್ಪಾಲೆಯದು. ಲಂಡನ್ನಿನ ವೈದ್ಯನಿಗೆ ತಿಳಿಯದೇ ಹೋದ ಭೇದವನ್ನು ಮುಂಬಯಿಯ ಅಂಗಡಿಯ ಹುಡುಗನು ನಾಲಗೆಯ ತುದಿಯಿಂದ ಹೇಳಬಲ್ಲವನಾಗಿದ್ದನು. ಕಹಿಯೆಂದರೆ ಇಲ್ಲಿ ಬರಿಯ ರುಚಿಯಲ್ಲ, ಆಲ್ಕಲಾಯ್ಡಿನ ಗುರುತು. ಆಯುರ್ವೇದದಲ್ಲಿ ದ್ರವ್ಯದ ರಸವನ್ನು ಮೊದಲು ಹೇಳುವ ಕ್ರಮಕ್ಕೆ ಈ ಮಟ್ಟಿಗಾದರೂ ಪ್ರಾಯೋಗಿಕವಾದ ಆಧಾರವಿದೆಯೆನ್ನಬೇಕು.

ಮರಗಳೆರಡು ಬೇರೆಯಾದುವು. ಆದರೂ ಪರೀಕ್ಷೆಗೆ ಇನ್ನೊಂದು ಅಡ್ಡಿಯಿತ್ತು. ರಕ್ತಭೇದಿಯೆಂಬ ಒಂದೇ ಹೆಸರಿನಲ್ಲಿ ಎರಡು ರೋಗಗಳು ಅಡಗಿದ್ದುವು. 1875ರಲ್ಲಿ ರಷ್ಯದ ಲೋಷ್ ಎಂಬವನು ರೋಗಿಯ ಮಲದಲ್ಲಿ ಅಮೀಬವನ್ನು ಕಂಡನು. 1897ರಲ್ಲಿ ಜಪಾನಿನ ಶಿಗಾ ಮತ್ತೊಂದು ಬಗೆಯ ಭೇದಿಗೆ ಕಾರಣವಾದ ಬ್ಯಾಕ್ಟೀರಿಯವನ್ನು ಗುರುತಿಸಿದನು. ಒಂದನ್ನು ಕೊಲ್ಲುವ ಮದ್ದು ಇನ್ನೊಂದನ್ನು ಕೊಲ್ಲಬೇಕಾದುದಿಲ್ಲ. ಹಿಂದಿನ ಹೊಗಳಿಕೆ ತೆಗಳಿಕೆಗಳೆರಡಕ್ಕೂ ಇದರಿಂದ ಬೆಲೆ ತಗ್ಗಿತು: ನಿಜವಾದ ಕೊಡಸಿಗದ ತೊಗಟೆಯನ್ನೇ ಕೊಟ್ಟಿದ್ದರೂ ರೋಗಿಗೆ ಇದ್ದುದು ಶಿಗಾನ ಭೇದಿಯಾಗಿದ್ದರೆ ಔಷಧವು ಸೋತಂತೆಯೇ ಕಾಣುತ್ತಿತ್ತು. 1912ರಲ್ಲಿ ಕಲಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸರು ಬ್ರೆಜಿಲಿನ ಇಪಿಕಾಕ್ ಬೇರಿನ ಎಮೆಟೀನನ್ನು ಸೂಜಿಯ ಮೂಲಕ ಕೊಟ್ಟು ಅಮೀಬದ ಭೇದಿಯನ್ನು ಗುಣಪಡಿಸಬಹುದೆಂದು ತೋರಿಸಿದರು. ಪ್ರಾಣವುಳಿಸಿದ ಔಷಧವದು, ಆದರೆ ಹೃದಯಕ್ಕೆ ಅಪಾಯಕಾರಿ, ಮೇಲಾಗಿ ಪರದೇಶದ್ದು. ದೇಶದಲ್ಲಿಯೇ ಬೆಳೆಯುವ ಕುರ್ಚಿಯು ಅದರ ಸ್ಥಾನವನ್ನು ತುಂಬಬಲ್ಲುದೆ ಎಂಬ ಪ್ರಶ್ನೆಯು ಆಗ ಸಹಜವಾಗಿಯೇ ಎದ್ದಿತು. ಸ್ವದೇಶೀ ಭಾವನೆಯ ಒತ್ತಾಸೆಯೂ ಅದಕ್ಕಿತ್ತು.

ಇದನ್ನು ಕ್ರಮವಾಗಿ ಕೈಗೆತ್ತಿಕೊಂಡವರು ಕಲಕತ್ತೆಯ ಉಷ್ಣವಲಯ ವೈದ್ಯಶಾಲೆಯ ರಾಮನಾಥ ಚೋಪ್ರಾ ಅವರು (1882–1973). ದೇಶೀಯ ಔಷಧಗಳನ್ನು ಕುರುಡಾಗಿ ಹೊಗಳದೆ, ಕುರುಡಾಗಿ ತಳ್ಳಿಹಾಕದೆ, ಒಂದೊಂದನ್ನೂ ರಸಾಯನಶಾಲೆ, ಪ್ರಾಣಿ, ಆಸ್ಪತ್ರೆಯ ರೋಗಿ ಎಂಬ ಮೂರು ಮೆಟ್ಟಿಲುಗಳಲ್ಲಿ ಹಾಯಿಸಬೇಕೆಂಬುದು ಅವರ ಪದ್ಧತಿ. ಅವರೂ ಸಹೋದ್ಯೋಗಿಗಳೂ 1927ರಲ್ಲಿ ಕೊನೆಸ್ಸೀನಿನ ಕ್ರಿಯೆಯನ್ನು ಕುರಿತು ಪ್ರಕಟಿಸಿದ ಫಲಿತಾಂಶವು ಸರಳವಾದುದಾಗಿರಲಿಲ್ಲ. ಸತ್ವವು ಅಮೀಬದ ಮೇಲೆ ಕೆಲಸಮಾಡುತ್ತದೆಯೆಂಬುದು ನಿಜ. ಆದರೆ ಸೂಜಿಯಿಂದ ಚುಚ್ಚಿದರೆ ಆ ಸ್ಥಳದಲ್ಲಿ ತೀವ್ರವಾದ ನೋವುಂಟಾಗಿ ಮಾಂಸವು ಕೊಳೆಯುತ್ತಿತ್ತು. ಬಾಯಿಯ ಮೂಲಕ, ಒಂದೇ ಸತ್ವವನ್ನಲ್ಲದೆ ತೊಗಟೆಯ ಎಲ್ಲ ಆಲ್ಕಲಾಯ್ಡುಗಳನ್ನೂ ಬಿಸ್ಮತ್ ಅಯೊಡೈಡಿನೊಡನೆ ಕೂಡಿಸಿ ಕೊಡುವುದು ಮೇಲೆಂದು ಕಂಡುಬಂದಿತು. ಹಳೆಯ, ಮರುಕಳಿಸುವ ಭೇದಿಯಲ್ಲಿ ತೊಗಟೆಯ ದ್ರವಸಾರವೂ ಉಪಯುಕ್ತವೆನಿಸಿತು. ತೊಗಟೆಯು 8ರಿಂದ 12 ವರ್ಷದ ಮರದ್ದಾಗಿರಬೇಕು, ಅದಕ್ಕೆ ಅಂಟಿದ ಕಟ್ಟಿಗೆಯನ್ನು ಬಿಡಿಸಿರಬೇಕು ಎಂಬ ಕಟ್ಟಳೆಗಳು ರೂಢಿಗೆ ಬಂದುವು. 1933ರಲ್ಲಿ ಹೊರಬಂದ ಚೋಪ್ರಾ ಅವರ ಭಾರತದ ದೇಶೀಯ ಔಷಧಗಳನ್ನು ಕುರಿತ ಗ್ರಂಥದಲ್ಲಿ ಕುರ್ಚಿಗೆ ವಿಸ್ತಾರವಾದ ಸ್ಥಾನ ದೊರೆಯಿತು. ಅತ್ತ ದೆಹಲಿಯಲ್ಲಿ ಹಕೀಮ್ ಅಜ್ಮಲ್‌ಖಾನರು ಕಟ್ಟಿದ ತಿಬ್ಬಿಯಾ ಕಾಲೇಜಿನ ಸಂಶೋಧನಾಲಯದಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅವರು ಪಿಳ್ಳೈ ಅವರೊಡನೆ 1932ರಲ್ಲಿ ಅದೇ ತೊಗಟೆಯಿಂದ ಹೊಸ ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದರು. ಸ್ವಾತಂತ್ರ್ಯದ ಬಳಿಕ ಕುರ್ಚಿಯು ಭಾರತದ ಅಧಿಕೃತ ಔಷಧಸಂಹಿತೆಯಲ್ಲಿಯೂ ಸ್ಥಾನ ಪಡೆಯಿತು.

ಮಾನ ಮರಳಿ ಬಂದಿತಾದರೂ ಬಹುಕಾಲ ನಿಲ್ಲಲಿಲ್ಲ. ಕೊನೆಸ್ಸೀನನ್ನು ಶುದ್ಧರೂಪದಲ್ಲಿ ಹೆಚ್ಚಾಗಿ ಕೊಟ್ಟಾಗ ನಿದ್ರಾಭಂಗ, ತಲೆಸುತ್ತು, ಮನಸ್ಸಿನ ಉದ್ರೇಕಗಳು ತೋರಿಬಂದುವು. 1966ರಲ್ಲಿ ಮೆಟ್ರೊನಿಡಜೋಲ್ ಅಮೀಬದ ಭೇದಿಗೆ ಸಿದ್ಧೌಷಧವೆಂದು ಸ್ಥಿರಪಟ್ಟ ಮೇಲೆ ಎಮೆಟೀನೂ ಕುರ್ಚಿಯೂ ಆಸ್ಪತ್ರೆಗಳಿಂದ ಜೊತೆಯಾಗಿಯೇ ಹಿಂದೆ ಸರಿದುವು. ಕುಟಜಾರಿಷ್ಟ, ಕುಟಜಘನವಟಿಗಳು ಮಾತ್ರ ಆಯುರ್ವೇದದ ಅಂಗಡಿಗಳಲ್ಲಿ ಹಿಂದಿನಂತೆಯೇ ಉಳಿದುವು.

ಇಷ್ಟರಲ್ಲಿ ಪರೀಕ್ಷೆಯ ರೀತಿಯೇ ಬದಲಾಗಿದ್ದಿತು. ಪೆನಿಸಿಲಿನ್ನಿನ ವಿಜಯದಿಂದ ಉತ್ಸಾಹಗೊಂಡ ಸಂಶೋಧಕರು ಬ್ಯಾಕ್ಟೀರಿಯಗಳನ್ನು ಕೊಲ್ಲುವ ದ್ರವ್ಯಗಳಿಗಾಗಿ ಸಸ್ಯಲೋಕವನ್ನೆಲ್ಲ ಜಾಲಾಡತೊಡಗಿದರು. ಇಂಗ್ಲೆಂಡಿನ ಓಸ್‌ಬಾರ್ನ್ ಎಂಬವರು 1943ರಲ್ಲಿ ಸುಮಾರು 2300 ಸಸ್ಯಗಳನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು; ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯವು ಭಾರತೀಯ ಸಸ್ಯಗಳ ಪರೀಕ್ಷೆಯ ಮೊದಲ ಕಂತನ್ನು 1968ರಲ್ಲಿ ಹೊರತಂದಿತು. ಇಂದು ಕಾಲೇಜಿನ ಪ್ರಯೋಗಶಾಲೆಗಳಲ್ಲಿಯೂ ನಡೆಯುವ ಪರೀಕ್ಷೆಯ ಕ್ರಮ ಇದು: ತಟ್ಟೆಯಲ್ಲಿ ಅಗರ್ ಹರಡಿ, ಅದರ ಮೇಲೆ ಬ್ಯಾಕ್ಟೀರಿಯವನ್ನು ಬಿತ್ತಿ, ನಡುವೆ ಕುಳಿ ಕೊರೆದು ತೊಗಟೆಯ ಸಾರವನ್ನು ಹೊಯ್ಯುತ್ತಾರೆ. ಮರುದಿನ ಕುಳಿಯ ಸುತ್ತ ಬ್ಯಾಕ್ಟೀರಿಯ ಬೆಳೆಯದ ತಿಳಿಯಾದ ವಲಯ ಮೂಡಿದ್ದರೆ ಅದರ ಅಗಲವನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಬೆಳವಣಿಗೆಯನ್ನು ತಡೆಯಲು ಸಾಕಾಗುವ ಅತ್ಯಲ್ಪ ಪ್ರಮಾಣವನ್ನು ಬೇರೆಯಾಗಿ ನಿಶ್ಚಯಿಸುತ್ತಾರೆ. ವಲಯದ ಅಗಲವು ಸಾರದ ಬಲವನ್ನು ಮಾತ್ರವಲ್ಲದೆ ಅದು ಅಗರಿನಲ್ಲಿ ಎಷ್ಟು ಬೇಗ ಹರಡುತ್ತದೆಂಬುದನ್ನೂ ಅವಲಂಬಿಸಿರುವುದರಿಂದ ಎರಡು ತೊಗಟೆಗಳನ್ನು ಬರಿಯ ವಲಯದಿಂದ ಹೋಲಿಸುವುದು ಅಷ್ಟಾಗಿ ನಂಬತಕ್ಕದ್ದಲ್ಲ. ಜೊತೆಗೆ, ತೊಗಟೆಗಳಲ್ಲಿ ಸಾಮಾನ್ಯವಾಗಿರುವ ಟ್ಯಾನಿನ್ ಎಂಬ ಒಗರು ಪದಾರ್ಥವು ಪ್ರೋಟೀನುಗಳನ್ನು ಕಚ್ಚಿಹಿಡಿಯುವ ತನ್ನ ಸ್ವಭಾವದಿಂದಲೇ ತಟ್ಟೆಯ ಬ್ಯಾಕ್ಟೀರಿಯವನ್ನು ತಡೆಯಬಲ್ಲುದು. ಕರುಳಿನಲ್ಲಿ, ಅನ್ನದ ನಡುವೆ, ಅದು ಹಾಗೆಯೇ ನಡೆದುಕೊಳ್ಳುವುದೆಂಬ ಭರವಸೆಯಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಕೆಲಸವೂ ನಡೆದಿದೆ. ಥಾಯ್ಲೆಂಡಿನ ಸಂಶೋಧಕರು 2017ರಲ್ಲಿ, ಔಷಧವನ್ನು ಹೊರಗೆ ತಳ್ಳಿ ತಪ್ಪಿಸಿಕೊಳ್ಳುವ ಸೂಡೊಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯದ ಆ ತಳ್ಳುಯಂತ್ರವನ್ನೇ ಕೊನೆಸ್ಸೀನ್ ತಡೆಯುತ್ತದೆಂದು ತೋರಿಸಿದರು. ತಾನೇ ಕೊಲ್ಲದೆ, ಕೊಲ್ಲುವ ಔಷಧಕ್ಕೆ ನೆರವಾಗುವ ಗುಣವದು.

ಉತ್ಕರ್ಷಣನಿರೋಧ ಶಕ್ತಿಯ ಪರೀಕ್ಷೆಯಂತೂ ಇನ್ನೂ ಸುಲಭ. ಬ್ಲಾಯಿಸ್ ಎಂಬವರು 1958ರಲ್ಲಿ ಸೂಚಿಸಿದ ಕ್ರಮದಲ್ಲಿ ಡಿಪಿಪಿಎಚ್ ಎಂಬ ಕಡುನೇರಳೆಯ ದ್ರಾವಣಕ್ಕೆ ಸಾರವನ್ನು ಬೆರಸುತ್ತಾರೆ. ನೇರಳೆಯು ಹಳದಿಗೆ ತಿರುಗಿದಷ್ಟೂ ಸಾರವು ಬಲವಾದುದೆಂದು ಲೆಕ್ಕ. ಅರ್ಧ ಗಂಟೆಯ ಕೆಲಸ. ಈ ಬಣ್ಣವನ್ನು ಕಳೆಯುವವು ಮುಖ್ಯವಾಗಿ ಫೀನಾಲ್ ಜಾತಿಯ ಪದಾರ್ಥಗಳು, ಅವು ಬಹುತೇಕ ಎಲ್ಲ ತೊಗಟೆಗಳಲ್ಲಿಯೂ ಇರುವಂಥವು. ಕೊನೆಸ್ಸೀನಿನ ರಚನೆಯಲ್ಲಾದರೋ ಫೀನಾಲಿನ ಗುಂಪೇ ಇಲ್ಲ. ಎಂದರೆ, ಕೊಡಸಿಗವನ್ನು ಕೊಡಸಿಗವನ್ನಾಗಿ ಮಾಡಿದ ಸತ್ವಕ್ಕೂ ಈ ಪರೀಕ್ಷೆಯ ಅಂಕಿಗಳಿಗೂ ಹೆಚ್ಚಿನ ಸಂಬಂಧವಿಲ್ಲ. ಕೊಡಸಿಗದ ಚೀಲದಲ್ಲಿ ಬೆಪ್ಪಾಲೆಯನ್ನು ತುಂಬಿಕೊಟ್ಟರೂ ನೇರಳೆಯು ಹಳದಿಯಾಗಬಹುದು. ಯಂತ್ರವು ಅಂಕಿಯನ್ನು ಕೊಡುತ್ತದೆ, ಮರದ ಹೆಸರನ್ನು ಹೇಳುವುದಿಲ್ಲ.

ಹೆಸರು ತಪ್ಪಿದರೆ ಆಗುವ ಹಾನಿಯು ಪ್ರಯೋಗಶಾಲೆಯಲ್ಲಿ ಕಾಗದದ ಮೇಲಿನದು, ಮನೆಯಲ್ಲಿ ಪ್ರಾಣದ್ದು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆಯ, ಎಂದರೆ ಮದ್ದಾಲೆಯ, ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತೆಗೆದು ತಂದು ಕಷಾಯ ಕುಡಿಯುವ ಆಚಾರವುಂಟು. ಮುಂಬಯಿಯಲ್ಲಿ ನೆಲೆಸಿದ ತುಳುವರೂ ಇದನ್ನು ಬಿಟ್ಟಿಲ್ಲ. ಕತ್ತಲೆಯಲ್ಲಿ ಮರವನ್ನು ತಪ್ಪಿ ವಿಷದ ಕಾಸರಕದ ತೊಗಟೆಯನ್ನು ತಂದುಬಿಡಬಾರದೆಂಬ ಎಚ್ಚರಿಕೆಯು ಆ ದಿನ ಹತ್ತಿರವಾದಾಗಲೆಲ್ಲ ಕೇಳಿಬರುತ್ತದೆ. ಬಲ್ಲ ಹಿರಿಯರು ಹಗಲಿನಲ್ಲಿಯೇ ಹೋಗಿ ಮರವನ್ನು ಗುರುತಿಟ್ಟು ಬರುತ್ತಿದ್ದರು.

ಕೊಡಸಿಗದ ವಿಷಯದಲ್ಲಿ ಆ ಗುರುತಿಡುವ ಕೆಲಸವನ್ನು ಇಂದು ಸೂಕ್ಷ್ಮದರ್ಶಕವು ಮಾಡಬಲ್ಲುದು. ತೊಗಟೆಯ ತೆಳುಸೀಳಿನಲ್ಲಿ ಸಾಲುಗಟ್ಟಿ ನಿಂತ ಕಲ್ಲುಕೋಶಗಳನ್ನೂ ಅವುಗಳ ಸುಣ್ಣದ ಹರಳುಗಳನ್ನೂ ನೋಡಿ, ಬಳಿಕ ಆಲ್ಕಲಾಯ್ಡನ್ನು ತೂಗಿ, ಶೇಕಡಾ 2ರ ಸುಮಾರಿಗೆ ಬಂದರೆ ಒಪ್ಪಬಹುದು. ಇಷ್ಟೆಲ್ಲ ಅನುಕೂಲವಿದ್ದೂ, ಪೇಟೆಯಿಂದ ಕುಟಜದ ತೊಗಟೆಯನ್ನು ಕೊಂಡು ತರಲಾಯಿತು ಎಂಬ ಒಂದೇ ವಾಕ್ಯದಲ್ಲಿ ಮರದ ವಿಚಾರವನ್ನು ಮುಗಿಸಿ, ಮುಂದಿನ ಹತ್ತು ಪುಟಗಳನ್ನು ವಲಯಗಳ ಅಗಲದಿಂದಲೂ ಬಣ್ಣದ ಅಂಕಿಗಳಿಂದಲೂ ತುಂಬುವ ಲೇಖನಗಳು ಅಪರೂಪವಲ್ಲ. ಆ ಪೇಟೆಗೆ ತೊಗಟೆ ಬರುವುದಾದರೂ ಕಾಡಿನಿಂದ. ಬುಡದ ಸುತ್ತ ಪೂರ್ತಿಯಾಗಿ ತೊಗಟೆ ಸುಲಿದ ಮರದ ಮೇಲ್ಭಾಗವು ಉಳಿಯುವುದಿಲ್ಲ. ಕೊಡಸಿಗವು ಬೇರಿನಿಂದ ಮತ್ತೆ ಚಿಗುರಬಲ್ಲುದಾದರೂ ಆ ಚಿಗುರು ಬಲಿತ ತೊಗಟೆಯ ಮರವಾಗಲು ಎಂಟು ಹತ್ತು ವರ್ಷಗಳು ಬೇಕು. ಅದುವರೆಗೆ ಸುಲಿಯುವವನ ಕತ್ತಿಗೆ ಹತ್ತಿರದಲ್ಲಿ ಸುಲಭವಾಗಿ ಸಿಗುವುದು ಬೆಪ್ಪಾಲೆ.